ಒಂದೇ ಸೂರು, ಒಂದೇ ಸೊಳ್ಳೆ, ಬೇರೆ ಬೇರೆ ಜ್ವರ

2006ರ ಮಳೆಗಾಲವನ್ನು ಕಂಡವರಿಗೆ ನಮ್ಮ ಕಡೆ ಚಿಕುನ್‌ಗುನ್ಯಾ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13 ಲಕ್ಷ 90 ಸಾವಿರ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವೇ ಆಗಿದ್ದವು. ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಅಡಗಿಹೋಗಿತ್ತು. ಪಕ್ಕದ ನೇಕಾರರ ಮನೆಯಲ್ಲಿ ಆರು ಜನ. ಒಂದೇ ಸೂರಿನಡಿ ಮಲಗುವವರು, ಒಂದೇ ತೊಟ್ಟಿಯ ನೀರು ಬಳಸುವವರು, ಅದೇ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆಗಳಿಂದ ಕಚ್ಚಿಸಿಕೊಂಡವರು. ಮನೆಯ ಹುಡುಗ ನಾಲ್ಕು ದಿನ ಮಲಗಿ ಐದನೆಯ ದಿನ ಮಗ್ಗದ ಕುಣಿಗೆ ಇಳಿದ. ಅವನ ಚಿಗವ್ವನಿಗೆ ಮಡಚಿದ ಬೆರಳು ಬಿಚ್ಚಲಾಗದೆ ಕಂಡಿಕೆ ಸುತ್ತುವ ಕೆಲಸವೇ ತಪ್ಪಿತು; ದೀಪಾವಳಿ ಕಳೆದರೂ ಆಕೆ ಬೆಳಿಗ್ಗೆ ಗೋಡೆ ಹಿಡಿದೇ ಏಳುತ್ತಿದ್ದರು. ಎಪ್ಪತ್ತರ ಹತ್ತಿರದ ಅಜ್ಜನಿಗೆ ಮಾತ್ರ ಮೈ ಬೆಚ್ಚಗೂ ಆಗಲಿಲ್ಲ. ಹರೆಯದಲ್ಲಿ ಸೊಲ್ಲಾಪುರದ ಕಡೆ ಮಿಲ್ಲಿನಲ್ಲಿ ದುಡಿದು ಬಂದ ಜೀವ ಅದು. "ಹಿಂದಿನವರ ಮೈ ಗಟ್ಟಿ" ಎಂದು ಓಣಿಯೆಲ್ಲ ಒಪ್ಪಿಕೊಂಡಿತು.

ಮಳೆ ಬಿದ್ದು ಡೆಂಗಿಯ ಸುದ್ದಿ ಏಳುವ ಪ್ರತಿ ವರ್ಷವೂ ಅದೇ ಪ್ರಶ್ನೆ ಮರಳಿ ಬರುತ್ತದೆ: ಅವರಿಗೆ ಅಷ್ಟು, ಇವರಿಗೆ ಇಷ್ಟು, ಏಕೆ? ಈಗ ಪ್ರಶ್ನೆಯ ಜೊತೆಗೆ ಮೊಬೈಲಿನಲ್ಲಿ ಉತ್ತರಗಳೂ ಬರುತ್ತಿವೆ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಉಗುಳಿನ ಮಾದರಿ ಕಳಿಸಿದರೆ ಮುಂದಿನ ಕಾಯಿಲೆಗಳನ್ನು ತಿಳಿಸುವ ಪರೀಕ್ಷೆ, ಇನ್ನೂ ಏನೇನೋ. ಹಣ ಕೊಡುವ ಮೊದಲು ಮೈಯೊಳಗಿನ ಲೆಕ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಹಾಸು ಮತ್ತು ಹೊಕ್ಕು

ಮಗ್ಗ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ನೇಯುವ ಮೊದಲು ಉದ್ದಕ್ಕೆ ಬಿಗಿಯುವ ನೂಲು ಹಾಸು. ಒಮ್ಮೆ ಮಗ್ಗಕ್ಕೆ ಏರಿಸಿದ ಮೇಲೆ ಅದನ್ನು ಬದಲಿಸಲಾಗದು. ಲಾಳಿಯ ಜೊತೆ ಅಡ್ಡಡ್ಡ ಓಡಾಡುವ ನೂಲು ಹೊಕ್ಕು. ಅದು ದಿನವೂ ಸೇರುತ್ತಾ ಹೋಗುತ್ತದೆ. ಒಂದು ರೋಗಕ್ಕೆ ನಮ್ಮ ಮೈ ಎಷ್ಟು ಬೇಗ ತುತ್ತಾಗುತ್ತದೆ, ಎಷ್ಟು ತಡೆದುಕೊಳ್ಳುತ್ತದೆ ಎನ್ನುವುದೂ ಹೀಗೆ ನೇಯ್ದ ಬಟ್ಟೆಯೇ. ಅಪ್ಪ ಅವ್ವನಿಂದ ಬಂದ ವಂಶವಾಹಿಗಳು ಹಾಸು. ತಿಂದ ಊಟ, ಹಾಕಿಸಿಕೊಂಡ ಲಸಿಕೆ, ಹಿಂದೆ ಬಂದುಹೋದ ಜ್ವರ, ವಯಸ್ಸು, ಸಕ್ಕರೆ ಕಾಯಿಲೆ, ಒಲೆಯ ಹೊಗೆ ಇವೆಲ್ಲ ಹೊಕ್ಕು.

ವಂಶವಾಹಿ, ಅಂದರೆ ಜೀನ್, ಎಂಬುದು ದೇಹಕ್ಕೆ ಬರೆದಿಟ್ಟ ಸೂಚನೆ. ನಮ್ಮ ಒಂದೊಂದು ಜೀವಕೋಶದೊಳಗೆ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅವ್ವನಿಂದ ಬಂದದ್ದು. ಅವುಗಳಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆ ಸುತ್ತಿಕೊಂಡಿರುತ್ತದೆ. ಆ ಎಳೆಯ ಮೇಲಿನ ಬರಹಕ್ಕೆ ನಾಲ್ಕೇ ಅಕ್ಷರ, ಆದರೆ ಒಂದು ಪ್ರತಿಯ ಉದ್ದ ಸುಮಾರು 300 ಕೋಟಿ ಅಕ್ಷರ. ಇದರಲ್ಲಿ ಪ್ರೋಟೀನ್ ತಯಾರಿಸಲು ಹೇಳುವ ಸೂಚನೆಗಳು ಸುಮಾರು 20 ಸಾವಿರ. ಯಾವುದೇ ಇಬ್ಬರ ಬರಹವನ್ನು ಪಕ್ಕಪಕ್ಕ ಇಟ್ಟರೆ ಶೇಕಡಾ 99.9ರಷ್ಟು ಒಂದೇ. ಉಳಿದದ್ದು ಅಲ್ಪವೆನಿಸಬಹುದು. ಆದರೆ 300 ಕೋಟಿಯಲ್ಲಿ ಆ ಅಲ್ಪವೇ ಲಕ್ಷಗಟ್ಟಲೆ ಅಕ್ಷರಗಳಾಗುತ್ತದೆ. ಮನುಷ್ಯ ಮನುಷ್ಯನಿಗೂ ಹೆಚ್ಚು ವ್ಯತ್ಯಾಸ ಇರುವ ಜಾಗಗಳಲ್ಲಿ ರೋಗದ ಎದುರು ಕೆಲಸ ಮಾಡುವ ವಂಶವಾಹಿಗಳೂ ಸೇರಿವೆ. ಸಾವಿರಾರು ವರ್ಷ ನಮ್ಮ ಹಿರಿಯರನ್ನು ಕೊಂದದ್ದೂ ಉಳಿಸಿದ್ದೂ ರೋಗಗಳೇ ಆದ್ದರಿಂದ ಆ ಗುರುತು ಅಲ್ಲಿ ಉಳಿದಿದೆ.

ಹೊಲ ಕಾಯುವ ಎರಡು ಬಗೆ

ಈಗ ಎರಡನೆಯ ಪದ, ರೋಗನಿರೋಧಕ ವ್ಯವಸ್ಥೆ. ಇದು ಒಂದು ಅಂಗವಲ್ಲ, ಮೈತುಂಬ ಹರಡಿರುವ ಕಾವಲು. ಜೋಳದ ತೆನೆ ಹಾಲು ತುಂಬಿದಾಗ ಹೊಲ ಕಾಯುವುದನ್ನು ನೆನಪಿಸಿಕೊಳ್ಳಿ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವ ಹುಡುಗ ಯಾವ ಹಕ್ಕಿ ಎಂದು ಕೇಳುವುದಿಲ್ಲ, ಬಂದದ್ದರ ಮೇಲೆ ಕಲ್ಲು ಬೀಸುತ್ತಾನೆ. ನಮ್ಮ ಹುಟ್ಟುಕಾವಲು ಹಾಗೆಯೇ. ಚರ್ಮ, ಮೂಗಿನ ಲೋಳೆ, ಹೊಟ್ಟೆಯ ಆಮ್ಲ, ರೋಗಾಣು ನುಂಗುವ ಬಿಳಿರಕ್ತಕಣಗಳು ಕೆಲವೇ ಗಂಟೆಗಳಲ್ಲಿ ಕೆಲಸಕ್ಕೆ ಇಳಿಯುತ್ತವೆ. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು, ಕಳ್ಳ ಹೊಕ್ಕಿದ್ದಾನೆ, ಬಾಗಿಲು ಭದ್ರ ಮಾಡಿಕೊಳ್ಳಿ ಎಂದು ನೆರೆಯವರಿಗೆ ಸುದ್ದಿ ಮುಟ್ಟಿಸುತ್ತದೆ. 1957ರಲ್ಲಿ ಪತ್ತೆಯಾದ ಈ ಇಂಟರ್‌ಫೆರಾನ್ ಮುಂದೆ ಮತ್ತೆ ಬರುತ್ತದೆ, ನೆನಪಿನಲ್ಲಿರಲಿ. ಜ್ವರ, ಮೈಕೈ ನೋವು, ಸುಸ್ತು ಇವುಗಳಲ್ಲಿ ಬಹುಪಾಲು ರೋಗಾಣು ಕೊಟ್ಟದ್ದಲ್ಲ, ಕಾವಲಿನವರ ಓಡಾಟದಿಂದ ಎದ್ದ ಧೂಳು.

ಇನ್ನೊಂದು ಬಗೆಯದು ಕಲಿತ ಕಾವಲು. ಹೋದ ವರ್ಷ ಯಾವ ಗಂಡಿಯಿಂದ ಹಂದಿ ನುಗ್ಗಿತ್ತು ಎಂದು ಗುರುತಿಟ್ಟುಕೊಂಡಿರುವ ಹಳೆಯ ಕಾವಲುಗಾರನಂತೆ ಇದು. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯವು ಒಂದೇ ರೋಗಾಣುವಿನ ಒಂದೇ ಮೂಲೆಗೆ ಅಂಟಿಕೊಳ್ಳುವಂಥ ಹಿಡಿ. ಟಿ ಕೋಶಗಳು ಸೋಂಕು ತಗುಲಿದ ನಮ್ಮದೇ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ, ಉಳಿದವರಿಗೆ ಆದೇಶವನ್ನೂ ಕೊಡುತ್ತವೆ. ಮೊದಲ ಸಲ ಇವು ಸಜ್ಜಾಗಲು ಒಂದೆರಡು ವಾರ ಬೇಕು. ರೋಗ ಇಳಿದ ಮೇಲೆ ಕೆಲವು ಕೋಶಗಳು ನೆನಪನ್ನು ಹೊತ್ತು ವರ್ಷಗಟ್ಟಲೆ ಉಳಿಯುತ್ತವೆ. ಲಸಿಕೆ ಮಾಡುವುದು ಇಷ್ಟನ್ನೇ: ರೋಗ ಕೊಡದೆ ನೆನಪನ್ನು ಮಾತ್ರ ಕೊಡುತ್ತದೆ.

ಲೋಕದಲ್ಲಿರುವ ಇಷ್ಟೊಂದು ರೋಗಾಣುಗಳಿಗೆ ಬೇಕಾದ ಹಿಡಿಗಳನ್ನು ಬರೀ 20 ಸಾವಿರ ಸೂಚನೆಗಳಿಂದ ಹೇಗೆ ಮಾಡುವುದು? ಜಪಾನಿನ ವಿಜ್ಞಾನಿ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಬಂದದ್ದು ಈ ಒಗಟನ್ನು ಬಿಡಿಸಿದ್ದಕ್ಕೆ. ಬಿ ಕೋಶವು ಬೆಳೆಯುವಾಗ ತನ್ನ ಡಿಎನ್‌ಎಯ ಕೆಲವು ತುಂಡುಗಳನ್ನು ಕತ್ತರಿಸಿ ಬೇರೆ ಬೇರೆ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ಹೀಗಾಗಿ ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳು ಸಾಧ್ಯವಾಗುತ್ತವೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಈ ಜೋಡಣೆ ಒಂದೇ ಆಗಿರುವುದಿಲ್ಲ.

ಟಿ ಕೋಶಗಳಿಗೆ ಎದೆಮೂಳೆಯ ಹಿಂದೆ ಥೈಮಸ್ ಎಂಬ ಗರಡಿ ಇದೆ. ಅಲ್ಲಿ ಎರಡು ಪರೀಕ್ಷೆ: ಎದುರಾಳಿಯನ್ನು ಹಿಡಿಯಬಲ್ಲೆಯಾ, ನಿನ್ನವರ ಮೇಲೆ ಕೈಮಾಡದೆ ಇರಬಲ್ಲೆಯಾ? ಹೊಕ್ಕವುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ, ನೂರಕ್ಕೆ ಐದು ಹೊರಬಂದರೆ ಹೆಚ್ಚು. ಈ ಗರಡಿ ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಕರಗುತ್ತಾ ಹೋಗುತ್ತದೆ. ಹಳೆಯ ರೋಗಗಳನ್ನು ಚೆನ್ನಾಗಿ ಎದುರಿಸುವ ಹಿರಿಯರು ಹೊಸ ರೋಗದ ಮುಂದೆ ಸೋಲುವುದಕ್ಕೆ ಇದೂ ಒಂದು ಕಾರಣ.

ಒಂದೇ ಅಕ್ಷರ ತಪ್ಪಿದರೆ

ಹಾಸಿನ ಒಂದು ಎಳೆ ಎಷ್ಟು ಮುಖ್ಯವಾಗಬಲ್ಲದು ಎನ್ನುವುದಕ್ಕೆ ಕುಡಗೋಲು ಕಣ ರೋಗಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನ ಸೂಚನೆಯಲ್ಲಿ ಒಂದೇ ಅಕ್ಷರ ಬದಲಾಗಿದೆ. ಅಪ್ಪ ಅವ್ವ ಇಬ್ಬರಿಂದಲೂ ಆ ಬದಲಾದ ಪ್ರತಿ ಬಂದರೆ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತಡೆಯಲಾರದ ನೋವು, ರಕ್ತಹೀನತೆ, ಪದೇ ಪದೇ ಸೋಂಕು ಕಾಡುತ್ತವೆ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾನೆ.

ಇಷ್ಟು ಕೆಟ್ಟ ಬದಲಾವಣೆ ತಲೆಮಾರುಗಳಲ್ಲಿ ಅಳಿದುಹೋಗದೆ ಏಕೆ ಉಳಿಯಿತು? ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ವಿಜ್ಞಾನಿ ಆಂಥನಿ ಆಲಿಸನ್ 1954ರಲ್ಲಿ ಉತ್ತರ ಕೊಟ್ಟರು. ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಮಕ್ಕಳನ್ನು ಕೊಲ್ಲುತ್ತಿದ್ದ ಸೀಮೆಯಲ್ಲಿ ಈ ಎಳೆ ಹೊತ್ತವರು ಬದುಕಿ ಉಳಿದರು, ಅದನ್ನೇ ಮಕ್ಕಳಿಗೂ ಕೊಟ್ಟರು. ಒಂದು ಪ್ರತಿ ಇದ್ದರೆ ಕವಚ, ಎರಡಾದರೆ ರೋಗ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ರೋಗವಿರುವ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಭಾರತದ ಬುಡಕಟ್ಟು ಸಮುದಾಯಗಳಲ್ಲಿ ಇದು ದೊಡ್ಡ ಹೊರೆ. 2047ರೊಳಗೆ ಇದನ್ನು ನಿವಾರಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾದದ್ದು ಆ ಕಾರಣಕ್ಕೇ.

ಇಂಥ ಒಂಟಿ ಎಳೆಗಳು ಬೇರೆಯೂ ಇವೆ. ಕೆಂಪು ರಕ್ತಕಣದ ಮೇಲೆ ಡಫಿ ಎಂಬ ಪ್ರೋಟೀನ್ ಇಲ್ಲದ ಪಶ್ಚಿಮ ಆಫ್ರಿಕನ್ನರಿಗೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ತಗುಲುವುದು ಬಹಳ ಅಪರೂಪ. ಸಿಸಿಆರ್5 ಎಂಬ ವಂಶವಾಹಿಯ ಎರಡೂ ಪ್ರತಿ ತುಂಡಾಗಿರುವ ಕೆಲವು ಯುರೋಪಿಯನ್ನರಲ್ಲಿ ಎಚ್‌ಐವಿ ಹೊಕ್ಕುವ ಬಾಗಿಲೇ ಇರುವುದಿಲ್ಲ. ರಕ್ತದ ಗುಂಪಿನ ವಿಷಯವನ್ನು ಜನ ಹೆಚ್ಚು ಕೇಳುತ್ತಾರೆ. ಓ ಗುಂಪಿನವರಿಗೆ ಫಾಲ್ಸಿಪ್ಯಾರಂ ಎಂಬ ಮಾರಕ ಬಗೆಯ ಮಲೇರಿಯಾ ತೀವ್ರವಾಗುವ ಅಪಾಯ ಕಡಿಮೆ. ಆದರೆ ಅವರಿಗೆ ಕಾಲರಾ ಬಂದರೆ ಅದು ಉಗ್ರವಾಗುವ ಸಾಧ್ಯತೆ ಹೆಚ್ಚು. ಎಲ್ಲ ರೋಗಕ್ಕೂ ಒಳ್ಳೆಯದಾದ ಗುಂಪು ಯಾವುದೂ ಇಲ್ಲ.

ಅಕ್ಕಡಿ ಬೆಳೆಯ ಲಾಭ

ಹೆಚ್ಚಿನ ರೋಗಗಳಲ್ಲಿ ಒಂದೇ ಎಳೆಯ ಆಟ ನಡೆಯುವುದಿಲ್ಲ. ಅಲ್ಲಿ ಬಹಳ ಮಾತು ಕೇಳಿಬರುವುದು ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿನದು. ಆರನೆಯ ವರ್ಣತಂತುವಿನಲ್ಲಿರುವ ಇವು ನಮ್ಮ ಜೀವಕೋಶಗಳ ಹೊರಗೋಡೆಗೆ ಒಂದು ಬಗೆಯ ತಟ್ಟೆಗಳನ್ನು ಮಾಡಿಕೊಡುತ್ತವೆ. ಕೋಶದೊಳಗೆ ಏನಿದೆಯೋ ಅದರ ಚೂರುಗಳನ್ನು ಆ ತಟ್ಟೆಯ ಮೇಲಿಟ್ಟು ಟಿ ಕೋಶಕ್ಕೆ ತೋರಿಸಲಾಗುತ್ತದೆ. ಒಳಗೆ ವೈರಸ್ ಇದ್ದರೆ ಅದರ ಚೂರೂ ತಟ್ಟೆಗೆ ಬರುತ್ತದೆ. ಆದರೆ ಒಂದೊಂದು ತಟ್ಟೆಯ ಆಕಾರ ಬೇರೆ. ಒಬ್ಬರ ತಟ್ಟೆಯಲ್ಲಿ ಚೆನ್ನಾಗಿ ಕೂರುವ ಚೂರು ಇನ್ನೊಬ್ಬರ ತಟ್ಟೆಯಿಂದ ಜಾರಿಬೀಳುತ್ತದೆ. ಚೂರು ಕಾಣದಿದ್ದರೆ ಟಿ ಕೋಶಕ್ಕೆ ಕಳ್ಳನ ಸುಳಿವೂ ಇಲ್ಲ.

ಮನುಷ್ಯರಲ್ಲಿ ಅತಿ ಹೆಚ್ಚು ಬಗೆಗಳಿರುವ ವಂಶವಾಹಿಗಳು ಇವೇ. ಮೂತ್ರಪಿಂಡ ಅಥವಾ ಅಸ್ಥಿಮಜ್ಜೆಯ ಕಸಿಗೆ ಮೊದಲು ಹೊಂದಾಣಿಕೆ ನೋಡುವುದು ಇವನ್ನೇ, ಮತ್ತು ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದೇ. ರೋಗಿಗೆ ಇದು ಕಷ್ಟ, ಆದರೆ ಸಮುದಾಯಕ್ಕೆ ಇದೇ ವರ. ಹೊಲದ ತುಂಬ ಒಂದೇ ತಳಿ ಇದ್ದರೆ ಒಂದು ಕೀಟ ಇಡೀ ಹೊಲವನ್ನು ಮುಗಿಸುತ್ತದೆ. ಜೋಳದ ನಡುವೆ ತೊಗರಿ, ಹೆಸರು, ಮಡಕಿ ಎಂದು ಅಕ್ಕಡಿ ಹಾಕಿದ ಹೊಲದಲ್ಲಿ ಏನಾದರೂ ಉಳಿಯುತ್ತದೆ. ಯಾವ ವೈರಸ್ಸೂ ಎಲ್ಲರ ತಟ್ಟೆಯಿಂದಲೂ ತಪ್ಪಿಸಿಕೊಳ್ಳಲಾರದು.

ಕೊರೊನಾ ಮತ್ತು ಹಳೆಯ ನೆಂಟರು

ಕೊರೊನಾದ ಸಮಯದಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರಿಗೆ ಒದ್ದಾಡಿದ್ದನ್ನೂ ಕೃಶವಾದ ಅಜ್ಜಿಯರು ಗೆದ್ದುಬಂದದ್ದನ್ನೂ ಎಲ್ಲ ಊರುಗಳು ಕಂಡಿವೆ. 2020ರಲ್ಲಿ ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ ಎಂಬ ವಿಜ್ಞಾನಿಗಳು ಒಂದು ವಿಚಿತ್ರ ಸಂಗತಿಯನ್ನು ಮುಂದಿಟ್ಟರು. ಮೂರನೆಯ ವರ್ಣತಂತುವಿನಲ್ಲಿ ಸುಮಾರು 50 ಸಾವಿರ ಅಕ್ಷರ ಉದ್ದದ ಒಂದು ಭಾಗವಿದೆ. ಅದರ ಒಂದು ಬಗೆಯನ್ನು ಹೊತ್ತವರಿಗೆ ಕೊರೊನಾ ತೀವ್ರವಾಗುವ ಅಪಾಯ ಹೆಚ್ಚು. ಆ ಬಗೆ ನಮಗೆ ಬಂದದ್ದು ಹತ್ತಾರು ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರೊಂದಿಗೆ ಬೆರೆತ, ಈಗ ಅಳಿದುಹೋಗಿರುವ ನಿಯಾಂಡರ್ತಲ್ ಮಾನವರಿಂದ. ಕ್ರೊಯೇಷಿಯಾದ ಗುಹೆಯೊಂದರಲ್ಲಿ ಸಿಕ್ಕ ಸುಮಾರು 50 ಸಾವಿರ ವರ್ಷ ಹಳೆಯ ಮೂಳೆಯಲ್ಲೂ ಅದೇ ಬರಹವಿತ್ತು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನ ಇದರ ಒಂದು ಪ್ರತಿಯನ್ನಾದರೂ ಹೊತ್ತಿದ್ದಾರೆ, ಯುರೋಪಿನಲ್ಲಿ ಶೇಕಡಾ 16ರಷ್ಟು. ಅದೇ ತುಂಡು ಎಚ್‌ಐವಿ ತಗುಲುವ ಅಪಾಯವನ್ನು ಕಡಿಮೆ ಮಾಡುತ್ತದೆ ಎಂದು ಜೆಬರ್ಗ್ 2022ರಲ್ಲಿ ತೋರಿಸಿದರು. ಪ್ರಾಚೀನ ಡಿಎನ್‌ಎಯ ಅಧ್ಯಯನಕ್ಕಾಗಿ ಪಾಬೊ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಇನ್ನೊಂದು ತಂಡ ಇಂಟರ್‌ಫೆರಾನ್ ಕಡೆ ನೋಡಿತು. ಜೀವಕ್ಕೇ ಅಪಾಯ ತಂದುಕೊಂಡ ಕೊರೊನಾ ರೋಗಿಗಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಯ ರಕ್ತದಲ್ಲಿ ಅವರದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳಿದ್ದವು. ನೆರೆಯವರಿಗೆ ಸುದ್ದಿ ಮುಟ್ಟಿಸುವವನನ್ನೇ ಹಾದಿಯಲ್ಲಿ ತಡೆದಂತೆ. ಅವರಲ್ಲಿ ಹೆಚ್ಚಿನವರು ಗಂಡಸರು ಮತ್ತು ವಯಸ್ಸಾದವರು. ಹೊರಗಿನಿಂದ ನೋಡಿದರೆ ಆ ಮೈಗಳಲ್ಲಿ ಯಾವ ಊನವೂ ಕಾಣುತ್ತಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ರೋಗನಿರೋಧಕ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವುದು ಬಹಳ ಜನ ನಂಬಿರುವ ತಪ್ಪು. ಡೆಂಗಿ ಇದನ್ನು ಕಠೋರವಾಗಿ ಕಲಿಸುತ್ತದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದರೆ ಆ ಬಗೆಯಿಂದ ಬಹುತೇಕ ಜೀವನಪೂರ್ತಿ ರಕ್ಷಣೆ, ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ. ಮುಂದೊಂದು ವರ್ಷ ಎರಡನೆಯ ಬಗೆ ಹೊಕ್ಕಿದಾಗ ಹಳೆಯ ಪ್ರತಿಕಾಯಗಳು ಅದನ್ನು ಗುರುತಿಸಿ ಅಂಟಿಕೊಳ್ಳುತ್ತವೆ, ಆದರೆ ನಿಷ್ಕ್ರಿಯಗೊಳಿಸಲಾರವು. ರೋಗಾಣು ನುಂಗುವ ಬಿಳಿರಕ್ತಕಣಗಳು ಪ್ರತಿಕಾಯ ಅಂಟಿದ ಗಂಟನ್ನು ಕಂಡೊಡನೆ ನುಂಗುತ್ತವೆ. ಡೆಂಗಿ ವೈರಸ್ ಬೆಳೆಯುವುದು ಅದೇ ಕಣಗಳೊಳಗೆ. ಕಾವಲುಗಾರನೇ ಕಳ್ಳನನ್ನು ಹೆಗಲ ಮೇಲೆ ಹೊತ್ತು ಕಣಜಕ್ಕೆ ಇಳಿಸಿದಂತಾಗುತ್ತದೆ. ಆಗ ಏಳುವ ಗದ್ದಲದಲ್ಲಿ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುತ್ತದೆ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹಿಂದೆ ಡೆಂಗಿ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅಪಾಯದ ಹೊತ್ತು ಜ್ವರ ಏರಿದಾಗಲ್ಲ, ಮೂರನೆಯ ದಿನದಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವಾಗ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗಿನಲ್ಲಿ ರಕ್ತ, ತಡೆಯಲಾರದ ಸುಸ್ತು ಕಂಡರೆ ಕಾಯಬಾರದು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ನಮ್ಮಲ್ಲಿ ಎಲ್ಲರ ಕಣ್ಣೂ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆಯ ಮೇಲೆಯೇ ಇರುತ್ತದೆ. ಆದರೆ ಜೀವಕ್ಕೆ ಹೆಚ್ಚಿನ ಅಪಾಯ ತರುವುದು ಆ ಸೋರಿಕೆ. ಅದಕ್ಕೇ ವೈದ್ಯರು ನೀರು, ದ್ರವಾಹಾರದ ಬಗ್ಗೆ ಅಷ್ಟು ಒತ್ತಿ ಹೇಳುತ್ತಾರೆ.

ಕುಷ್ಠರೋಗದಲ್ಲೂ ರೋಗದ ರೂಪವನ್ನು ತೀರ್ಮಾನಿಸುವುದು ಮೈಯ ಕಾವಲೇ, ಆದರೆ ನಿಧಾನವಾಗಿ. ನೂರಕ್ಕೆ ಸುಮಾರು 95 ಮಂದಿಗೆ ಆ ರೋಗಾಣು ಮೈಸೇರಿದರೂ ರೋಗ ಬರುವುದೇ ಇಲ್ಲ. ಬಂದ ಕೆಲವರಲ್ಲಿ ಟಿ ಕೋಶಗಳು ಚುರುಕಾಗಿದ್ದರೆ ಸ್ಪರ್ಶವಿಲ್ಲದ ಒಂದೆರಡು ಮಚ್ಚೆಗಳಲ್ಲೇ ರೋಗ ನಿಲ್ಲುತ್ತದೆ, ರೋಗಾಣು ಹುಡುಕಿದರೂ ಸಿಗುವುದು ಕಷ್ಟ. ಟಿ ಕೋಶಗಳು ಸುಮ್ಮನಿದ್ದರೆ ಮೈತುಂಬ ಹರಡುತ್ತದೆ. ರೋಗಾಣು ಒಂದೇ, ರೋಗ ಎರಡು. ಇದನ್ನು ಶಾಪ ಎಂದುಕೊಂಡು ಮುಚ್ಚಿಟ್ಟವರ ಬೆರಳುಗಳು ಹೋದವು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಔಷಧಿಯಿಂದ ಪೂರ್ತಿ ಗುಣವಾಗುತ್ತದೆ.

ಓಣಿಯ ಚಿಗವ್ವನ ಬೆರಳುಗಳಿಗೂ ಇಲ್ಲಿಯೇ ಉತ್ತರವಿದೆ. ಚಿಕುನ್‌ಗುನ್ಯಾದ ಜ್ವರ ಇಳಿದ ಮೇಲೂ ಕೀಲುಗಳಲ್ಲಿ ಉರಿಯೂತ, ಅಂದರೆ ಕಾವಲಿನವರ ಗದ್ದಲದಿಂದಾಗುವ ಬಾವು ಮತ್ತು ನೋವು, ತಿಂಗಳುಗಟ್ಟಲೆ ಉಳಿಯಬಹುದು. ಹೆಂಗಸರಲ್ಲಿ, ನಲವತ್ತು ದಾಟಿದವರಲ್ಲಿ, ಮೊದಲ ವಾರದಲ್ಲೇ ಜ್ವರ ಉಗ್ರವಾಗಿದ್ದವರಲ್ಲಿ ಇದು ಹೆಚ್ಚು. ಆಕೆಗೆ ಮೂರೂ ಅನ್ವಯಿಸುತ್ತಿದ್ದವು. "ಕೆಲಸ ತಪ್ಪಿಸಿಕೊಳ್ಳಲು ನಾಟಕ" ಎಂದು ಕೆಲವರು ಆಡಿಕೊಂಡದ್ದು ನೆನಪಾದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹಾಸಿನದೆಷ್ಟು, ಹೊಕ್ಕಿನದೆಷ್ಟು?

ಇದನ್ನು ಅಳೆಯಲು ವಿಜ್ಞಾನಿಗಳು ಹಲವು ದಾರಿ ಹಿಡಿದಿದ್ದಾರೆ. ಡೆನ್ಮಾರ್ಕಿನಲ್ಲಿ ದತ್ತು ಹೋದ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ 1988ರ ಅಧ್ಯಯನದಲ್ಲಿ, ಹೆತ್ತವರಲ್ಲಿ ಒಬ್ಬರು ಐವತ್ತರೊಳಗೆ ಸೋಂಕಿನಿಂದ ತೀರಿಕೊಂಡಿದ್ದರೆ ಮಗುವೂ ಸೋಂಕಿನಿಂದ ಸಾಯುವ ಅಪಾಯ ಐದು ಪಟ್ಟಿಗಿಂತ ಹೆಚ್ಚಿತ್ತು. ಆ ಮಕ್ಕಳು ಬೆಳೆದದ್ದು ಬೇರೆ ಮನೆಯಲ್ಲಿ. ಹಾಸಿನ ಬಲ ಅಲ್ಲಿ ಎದ್ದು ಕಾಣುತ್ತದೆ. ಆದರೆ 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 210 ಅವಳಿಗಳ ರಕ್ತವನ್ನು ಪರೀಕ್ಷಿಸಿದಾಗ, ಅಳೆದ ರೋಗನಿರೋಧಕ ಲಕ್ಷಣಗಳಲ್ಲಿ ಮುಕ್ಕಾಲು ಪಾಲಿನಷ್ಟರಲ್ಲಿ ವಂಶವಾಹಿಗಿಂತ ಜೀವನದ ಅನುಭವಗಳ ಪ್ರಭಾವವೇ ಮೇಲಾಗಿತ್ತು. ವಯಸ್ಸಾದ ಅವಳಿಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಎರಡು ಅಧ್ಯಯನಗಳೂ ಒಂದಕ್ಕೊಂದು ವಿರುದ್ಧವಲ್ಲ. ಒಂದೇ ಹಾಸಿನ ಎರಡು ಖಣಗಳಿಗೆ ಬೇರೆ ಬೇರೆ ಹೊಕ್ಕು ಬಿದ್ದಾಗ ಬಣ್ಣ ಬೇರೆಯಾಗುತ್ತದೆ.

ಮನಸ್ಸನ್ನು ಕಲಕುವ ಸಾಕ್ಷ್ಯ ಒಂದಿದೆ. ಜರ್ಮನಿಯ ಲ್ಯೂಬೆಕ್ ನಗರದಲ್ಲಿ 1929-30ರಲ್ಲಿ 250ರಷ್ಟು ಹಸುಗೂಸುಗಳಿಗೆ ಕ್ಷಯ ತಡೆಯುವ ಬಿಸಿಜಿ ಲಸಿಕೆ ಎಂದು ಕೊಟ್ಟದ್ದರಲ್ಲಿ ಜೀವಂತ ಕ್ಷಯದ ರೋಗಾಣು ಬೆರೆತುಹೋಗಿತ್ತು. 70ಕ್ಕೂ ಹೆಚ್ಚು ಕೂಸುಗಳು ಸತ್ತವು. ಉಳಿದವುಗಳಲ್ಲಿ ಹೆಚ್ಚಿನವು ಕಾಯಿಲೆ ಬಿದ್ದು ಚೇತರಿಸಿಕೊಂಡವು. ಯಾರು ಬದುಕುತ್ತಾರೆ ಎನ್ನುವುದರಲ್ಲಿ ಒಳಗೆ ಹೋದ ರೋಗಾಣುವಿನ ಪ್ರಮಾಣಕ್ಕೂ ಪಾತ್ರವಿತ್ತು, ಕೂಸಿನ ಮೈಗೂ ಪಾತ್ರವಿತ್ತು.

ಕ್ಷಯ ಇಂದಿಗೂ ನಮ್ಮ ನಡುವೆ ಇದೆ. ಲೋಕದ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿಗೆ ಅದರ ಸೋಂಕು ತಗುಲಿದೆ, ಆದರೆ ಅವರಲ್ಲಿ ಜೀವನದಲ್ಲಿ ಎಂದಾದರೂ ರೋಗ ಕಾಣಿಸಿಕೊಳ್ಳುವುದು ನೂರಕ್ಕೆ ಐದರಿಂದ ಹತ್ತು ಮಂದಿಗೆ. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಎರಡು ಮೂರು ಪಟ್ಟು. ಹಸಿವು ಅದಕ್ಕಿಂತ ಕ್ರೂರಿ. ಮಂಗಳೂರಿನ ವೈದ್ಯ ದಂಪತಿ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಷಯರೋಗಿಯ ಮನೆಯವರಿಗೆಲ್ಲ ಪೌಷ್ಟಿಕ ದಿನಸಿ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಇಳಿಯಿತು. ವಂಶವಾಹಿಯ ಒಂದು ಅಕ್ಷರವನ್ನೂ ತಿದ್ದಲಿಲ್ಲ. ಕೊಟ್ಟದ್ದು ಅಕ್ಕಿ, ಬೇಳೆ ಮತ್ತು ಜೀವಸತ್ವದ ಮಾತ್ರೆ.

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂದರೆ ಇಂದಿನವರಿಗೆ ಮರಗಳಿರುವ ವಿಶಾಲ ಬಯಲು. ಒಂದು ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ದಿನಗಳಲ್ಲಿ ಲಸಿಕೆಯ ವೈರಸ್ಸನ್ನು ಕರುಗಳ ಚರ್ಮದ ಮೇಲೆ ಬೆಳೆಸುತ್ತಿದ್ದರು. ನಿಮ್ಮ ಮನೆಯ ಅಜ್ಜಿಯ ತೋಳಿನ ಮೇಲೆ ರೂಪಾಯಿಯಗಲದ ಕಲೆಯಿದ್ದರೆ ಬೆರಳಾಡಿಸಿ ನೋಡಿ. ಸಿಡುಬಿಗೆ ಬೇಗ ತುತ್ತಾಗುವ ಹಾಸು ಆಕೆಗಿತ್ತೋ ಇಲ್ಲವೋ, ಆ ಕಲೆ ಬಿದ್ದ ಮೇಲೆ ಅದು ಲೆಕ್ಕಕ್ಕೆ ಬರಲಿಲ್ಲ. 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಸಂಬಂಧದೊಳಗಿನ ಮದುವೆ

ನಮ್ಮ ಭಾಗದಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. ಇದನ್ನು ಹೀಗಳೆಯದೆ ಲೆಕ್ಕವನ್ನಷ್ಟೇ ಹೇಳುತ್ತೇನೆ. ನಾವೆಲ್ಲರೂ ದೋಷವಿರುವ ಕೆಲವು ವಂಶವಾಹಿ ಪ್ರತಿಗಳನ್ನು ಹೊತ್ತಿದ್ದೇವೆ. ಜೊತೆಯ ಇನ್ನೊಂದು ಪ್ರತಿ ಸರಿಯಿರುವುದರಿಂದ ಅವು ಅಡಗಿರುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೆಯ ಒಂದು ಪಾಲು ವಂಶವಾಹಿಗಳು ಸಮಾನ, ಸೋದರತ್ತೆ ಸೋದರಮಾವನ ಮಕ್ಕಳ ನಡುವೆ ಎಂಟನೆಯ ಒಂದು ಪಾಲು. ಆದ್ದರಿಂದ ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಾಧ್ಯತೆ ಹೆಚ್ಚು, ಮಗುವಿಗೆ ಎರಡೂ ಕೆಟ್ಟ ಪ್ರತಿ ಸೇರುವ ಸಾಧ್ಯತೆಯೂ ಹೆಚ್ಚು. ಹೊರಸಂಬಂಧದ ಮದುವೆಯಲ್ಲಿ ಗಂಭೀರ ಹುಟ್ಟುದೋಷ ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಕಂಡರೆ, ಸೋದರಿಕೆಯ ಮಕ್ಕಳ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎನ್ನುವುದೂ ಅಷ್ಟೇ ನಿಜ.

ರೋಗನಿರೋಧಕ ವ್ಯವಸ್ಥೆಯೇ ಹುಟ್ಟಿನಿಂದ ಕುಂದಿರುವ ಕಾಯಿಲೆಗಳು 450ಕ್ಕೂ ಹೆಚ್ಚು ಬಗೆಯವು. ಒಂದೊಂದೂ ಅಪರೂಪ. ಅವುಗಳಲ್ಲಿ ಹಲವು ಹೀಗೆ ಎರಡು ಕೆಟ್ಟ ಪ್ರತಿ ಕೂಡಿದಾಗ ಬರುವಂಥವು. ಕೂಸಿಗೆ ಮೇಲಿಂದ ಮೇಲೆ ನ್ಯುಮೋನಿಯಾ, ಬಾಯಲ್ಲಿ ಮಾಸದ ಬಿಳಿ ಪದರ, ಏರದ ತೂಕ, ಬಿಸಿಜಿ ಚುಚ್ಚಿದ ಜಾಗದಲ್ಲಿ ಒಣಗದ ಹುಣ್ಣು, ಹಿಂದೆ ಅದೇ ಮನೆಯಲ್ಲಿ ಎಳೆಗೂಸುಗಳ ಸಾವು ಇದ್ದರೆ ದೃಷ್ಟಿ ತೆಗೆಸುತ್ತಾ ಕೂರದೆ ಮಕ್ಕಳ ವೈದ್ಯರ ಹತ್ತಿರ ಈ ಸಾಧ್ಯತೆಯನ್ನು ಬಾಯಿಬಿಟ್ಟು ಕೇಳಬೇಕು. ಬೇಗ ಗುರುತಿಸಿದರೆ ಅಸ್ಥಿಮಜ್ಜೆಯ ಕಸಿಯಿಂದ ಹಲವು ಮಕ್ಕಳು ಉಳಿಯುತ್ತಾರೆ.

ಪುಡಿ, ಪರೀಕ್ಷೆ ಮತ್ತು ಅಜ್ಜನ ಗಟ್ಟಿ ಮೈ

ರೋಗನಿರೋಧಕ ಶಕ್ತಿ ಕೊಡದಲ್ಲಿ ತುಂಬುವ ನೀರಲ್ಲ, ಅದನ್ನು ಅಳೆದು ಹೆಚ್ಚಿಸುವ ಪುಡಿಯೂ ಇಲ್ಲ. ಆಹಾರದಲ್ಲಿ ಕೊರತೆ ಇದ್ದವರಿಗೆ ಕೊರತೆ ತುಂಬಿದರೆ ಉಪಯೋಗ, ಅಷ್ಟೇ. ವಂಶವಾಹಿ ಪರೀಕ್ಷೆಗೆ ತನ್ನದೇ ಜಾಗವಿದೆ. ಮನೆತನದಲ್ಲಿ ಗೊತ್ತಿರುವ ಕಾಯಿಲೆ ಇದ್ದಾಗ, ಮದುವೆಗೆ ಮೊದಲು ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತಹೀನತೆಯ ಅಥವಾ ಕುಡಗೋಲು ಕಣದ ವಾಹಕರೇ ಎಂದು ತಿಳಿಯಲು, ತಜ್ಞರ ಸಲಹೆಯೊಂದಿಗೆ ಅದನ್ನು ಮಾಡಿಸಬೇಕು. ಮುಂದೆ ನಿಮಗೆ ಯಾವ ಸೋಂಕು ಎಷ್ಟು ಉಗ್ರವಾಗುತ್ತದೆ ಎಂದು ಉಗುಳು ನೋಡಿ ಯಾರೂ ಖಚಿತವಾಗಿ ಹೇಳಲಾರರು, ಏಕೆಂದರೆ ಹೊಕ್ಕು ಇನ್ನೂ ಬೀಳುತ್ತಿದೆ.

ಇನ್ನು ಅಜ್ಜನ ವಿಷಯ. ಚಿಕುನ್‌ಗುನ್ಯಾ ನಮ್ಮ ದೇಶಕ್ಕೆ 2005ರಲ್ಲಿ ಮೊದಲ ಸಲ ಬಂದದ್ದಲ್ಲ. ಅದಕ್ಕೂ ಹಿಂದೆ, 1973ರಲ್ಲಿ, ವಿಜಯಪುರದ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಬಾರ್ಸಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತ್ತು. ಆಮೇಲೆ ಮೂವತ್ತೆರಡು ವರ್ಷ ಸದ್ದಿರಲಿಲ್ಲ. ಅಷ್ಟರಲ್ಲಿ ಹುಟ್ಟಿದ ತಲೆಮಾರಿಗೆ ಅದರ ನೆನಪಿರುವ ಒಂದು ಕೋಶವೂ ಇರಲಿಲ್ಲ, ಹಾಗಾಗಿಯೇ 2006ರಲ್ಲಿ ಊರಿಗೆ ಊರೇ ಮಲಗಿತು. ಡೆಂಗಿಯಂತೆ ಇದರಲ್ಲಿ ನಾಲ್ಕು ಬಗೆಗಳಿಲ್ಲ, ಒಮ್ಮೆ ಬಂದರೆ ರಕ್ಷಣೆ ಬಹುಕಾಲ ಉಳಿಯುತ್ತದೆ.

ಇದನ್ನು ಓದಿ ತಿಳಿದ ಮೇಲೆ ಒಂದು ದಿನ ಅಜ್ಜನ ಪಕ್ಕ ಕುಳಿತು ಮಿಲ್ಲಿನ ದಿನಗಳ ಬಗ್ಗೆ ಕೇಳಿದೆ. ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಬಾರ್ಸಿಯಲ್ಲಿ ಇದ್ದೆನಪ್ಪಾ. ಇಂದಿರಾ ಗಾಂಧಿಯ ಕಾಲ, ಬರ ಬಿದ್ದ ಮರುವರ್ಷ. ಒಂದು ಖೋಲಿಯಲ್ಲಿ ಎಂಟು ಮಂದಿ. ಎಂಟೂ ಮಂದಿಗೆ ಒಟ್ಟಿಗೆ ಜ್ವರ ಬಂದು, ಕೀಲುಕೀಲು ಹಿಡಿದು, ಹದಿನೈದು ದಿನ ಮಿಲ್ಲಿಗೆ ಹೋಗಿರಲಿಲ್ಲ" ಎಂದರು. ಆಗ ಯಾರೂ ಅವರ ರಕ್ತ ತೆಗೆದು ನೋಡಿರಲಿಲ್ಲ. ಅವರು ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿ ತೋರಿಸಿ ಮತ್ತೆ ಲಾಳಿ ಎಸೆಯತೊಡಗಿದರು.